ಸನ್ಮಾನದ ಪಟ್ಟಿಯಲ್ಲಿ ಇಲ್ಲದ ವಿದ್ಯಾರ್ಥಿ: ಕಾಲೇಜು ಓದಿಗೆ ಬೇಕಾದ ಮಾರ್ಗದರ್ಶನ ಮತ್ತು ಸಮನ್ಯಾಯ

ಪ್ರತಿ ವರ್ಷ ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ರಾಜ್ಯದ ಹಲವು ಊರುಗಳ ಜೈನ ಸಂಘಗಳು ಪ್ರತಿಭಾ ಪುರಸ್ಕಾರ ಏರ್ಪಡಿಸುತ್ತವೆ. ಶೇ. 85 ಅಥವಾ ಶೇ. 90ಕ್ಕಿಂತ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಶಾಲು, ಹಾರ, ಸ್ಮರಣಿಕೆ, ಜೊತೆಗೆ ಒಂದಿಷ್ಟು ನಗದು ಸಿಗುತ್ತದೆ. ತಂದೆ-ತಾಯಿಗೆ ಹೆಮ್ಮೆ, ಚಿಕ್ಕ ಮಕ್ಕಳಿಗೆ ಉತ್ಸಾಹ. ಇದು ಒಳ್ಳೆಯ ಪದ್ಧತಿ, ಮುಂದುವರಿಯಬೇಕು.

ಆದರೆ ಬಸವನ ಬಾಗೇವಾಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಶೇ. 58 ಅಂಕ ಪಡೆದು, ಮನೆಯಲ್ಲಿ ಮೊದಲ ಬಾರಿಗೆ ಪದವಿ ಕಾಲೇಜಿನ ಮೆಟ್ಟಿಲು ಹತ್ತುವ ಹುಡುಗಿಯನ್ನು ಊಹಿಸಿಕೊಳ್ಳಬಹುದು. ಆ ಸನ್ಮಾನದ ಪಟ್ಟಿಯಲ್ಲಿ ಅವಳ ಹೆಸರು ಇರುವುದಿಲ್ಲ. ಮೊದಲ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಉಳಿದು, ವಿದ್ಯಾರ್ಥಿವೇತನದ ಅರ್ಜಿ ಯಾವುದೋ ಕಾರಣಕ್ಕೆ ತಿರಸ್ಕೃತವಾಗಿ, ಅವಳು ಮನೆಗೆ ಮರಳಿದರೆ ಅದೂ ಯಾರ ಲೆಕ್ಕಕ್ಕೂ ಬರುವುದಿಲ್ಲ. ಸಮಾಜದ ನೆರವು ಹೆಚ್ಚು ಬೇಕಾಗಿರುವುದು ಇಂಥವರಿಗೆ, ಅದೂ ಸೀಟು ಸಿಕ್ಕ ನಂತರದ ಒಂದೆರಡು ವರ್ಷಗಳಲ್ಲಿ. ಆ ನೆರವು ಎಂಥದಿರಬೇಕು, ಯಾರಿಗೆ ಎಷ್ಟು ತಲುಪಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸರಾಸರಿಯಲ್ಲಿ ಕಾಣದವರು

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರ ಸಂಖ್ಯೆ 4,40,280. ದೇಶದ ಮಟ್ಟದಲ್ಲಿ ಜೈನರ ಸಾಕ್ಷರತೆ ಸುಮಾರು ಶೇ. 95. ಪದವಿ ಮತ್ತು ಅದಕ್ಕಿಂತ ಹೆಚ್ಚು ಓದಿದವರು ಜೈನರಲ್ಲಿ ಶೇ. 25ಕ್ಕೂ ಹೆಚ್ಚು, ಎಲ್ಲ ಸಮುದಾಯಗಳ ಸರಾಸರಿ ಶೇ. 6ಕ್ಕಿಂತ ಕಡಿಮೆ. ಈ ಅಂಕಿ ನೋಡಿದವರು ಜೈನ ವಿದ್ಯಾರ್ಥಿಗೆ ನೆರವು ಯಾಕೆ ಬೇಕು ಎಂದು ಕೇಳುವುದು ಸಹಜ.

ಸರಾಸರಿಯಲ್ಲಿ ಮುಂಬಯಿ, ಅಹಮದಾಬಾದ್, ಬೆಂಗಳೂರಿನ ವ್ಯಾಪಾರಿ ಕುಟುಂಬಗಳೂ ಸೇರಿರುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಜೋಳ, ತೊಗರಿ, ಕಬ್ಬು ಬೆಳೆಯುವ ಒಕ್ಕಲುತನದ ದಿಗಂಬರ ಕುಟುಂಬಗಳೂ ಸೇರಿರುತ್ತವೆ. ಒಂದೆಡೆ ಅಜ್ಜನ ಕಾಲದಿಂದ ಪದವೀಧರರಿದ್ದಾರೆ. ಇನ್ನೊಂದೆಡೆ ಮನೆಯಲ್ಲಿ ಕಾಲೇಜಿನ ಬಗ್ಗೆ ಕೇಳಲು ಒಬ್ಬರೂ ಇಲ್ಲ. ಇಬ್ಬರೂ ‘ಜೈನ’ ಎಂಬ ಒಂದೇ ಸಾಲಿನಲ್ಲಿ ಎಣಿಕೆಯಾಗುವುದರಿಂದ ಎರಡನೆಯವರ ಕಷ್ಟ ಅಂಕಿಯಲ್ಲಿ ಕಾಣುವುದಿಲ್ಲ.

ಜಾಗದ ಕಾರಣಕ್ಕೂ ಅಂತರ ಬರುತ್ತದೆ. ಪ್ರಾದೇಶಿಕ ಅಸಮತೋಲನ ಕುರಿತು ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯು ಆಗಿನ 175 ತಾಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಆ ಪಟ್ಟಿಯಲ್ಲಿದ್ದವು. ಆದರೂ ಸಂವಿಧಾನದ 371ಜೆ ವಿಧಿಯ ಸೌಲಭ್ಯ ಇವುಗಳಿಗೆ ಇಲ್ಲ. 98ನೇ ತಿದ್ದುಪಡಿಯ ಮೂಲಕ ಬಂದ ಆ ವಿಧಿ ಹಿಂದಿನ ಹೈದರಾಬಾದ್ ಸಂಸ್ಥಾನದ ಭಾಗಗಳು ಮತ್ತು ಬಳ್ಳಾರಿಗೆ ಅನ್ವಯಿಸುತ್ತದೆ. ಅಲ್ಲಿನ ವಿದ್ಯಾರ್ಥಿಗಳಿಗೆ ತಮ್ಮ ಭಾಗದ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟುಗಳ ಮೀಸಲಾತಿ ಇದೆ. ವಿಜಯಪುರ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹಾಗಾಗಿ ಸಿಂದಗಿಯ ಹುಡುಗನಿಗೆ ಇಲ್ಲದ ಸೌಲಭ್ಯ ಪಕ್ಕದ ಕಲಬುರಗಿ ಜಿಲ್ಲೆಯ ಜೇವರ್ಗಿ ಹುಡುಗನಿಗೆ ಇದೆ. ಇಬ್ಬರ ಹೊಲದ ಮಣ್ಣೂ ಒಂದೇ, ಮಳೆಯೂ ಒಂದೇ. ಪಕ್ಕದವರಿಗೆ ಸಿಕ್ಕಿದ್ದು ನ್ಯಾಯವೇ. ಆದರೆ ಗಡಿಯ ಈಚೆಗೆ ಉಳಿದವರಿಗೆ ಬೇರೆ ಆಸರೆ ಬೇಕು ಎಂಬುದನ್ನು ಮರೆಯಬಾರದು.

ಸಮಾನತೆ ಮತ್ತು ಸಮನ್ಯಾಯದ ವ್ಯತ್ಯಾಸ ಇರುವುದು ಇಲ್ಲಿಯೇ. ಹತ್ತು ಮಕ್ಕಳಿಗೆ ತಲಾ 5,000 ರೂಪಾಯಿ ಹಂಚಿದರೆ ಅದು ಸಮಾನತೆ. ಯಾರು ಎಷ್ಟು ದೂರದಿಂದ ಬರುತ್ತಾರೆ, ಯಾರ ಮನೆಯಲ್ಲಿ ಹೇಳಿಕೊಡುವವರಿಲ್ಲ ಎಂದು ನೋಡಿ, ಅಂಥವರಿಗೆ ಹೆಚ್ಚು ಹಣ, ಹೆಚ್ಚು ಸಮಯ ಕೊಟ್ಟರೆ ಅದು ಸಮನ್ಯಾಯ.

ಓದು ಎಲ್ಲಿ ಎಡವುತ್ತದೆ

ಹಳ್ಳಿಯ ವಿದ್ಯಾರ್ಥಿ ಕಾಲೇಜು ಬಿಟ್ಟರೆ ‘ಬಡತನ’ ಎಂಬ ಒಂದೇ ಕಾರಣ ಕೊಡಲಾಗುತ್ತದೆ. ಬಡತನ ನಿಜ. ಆದರೆ ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಪದವಿಯ ಶುಲ್ಕ ಅಷ್ಟು ದೊಡ್ಡದಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಪ್ರಯಾಣ ಉಚಿತ. ಓದು ಎಡವುವುದಕ್ಕೆ ಬೇರೆ ಮೂರು ಕಾರಣಗಳೂ ಇವೆ.

ಮೊದಲನೆಯದು ಕಾಗದಪತ್ರ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಅದಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬೇಕು, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಬೇಕು, ದಾಖಲೆಗಳ ಇ-ದೃಢೀಕರಣ ಆಗಬೇಕು. ಆಧಾರ್‌ನಲ್ಲಿ ‘ಪಾರ್ಶ್ವನಾಥ’, ಅಂಕಪಟ್ಟಿಯಲ್ಲಿ ‘ಪಾರಿಸನಾಥ’ ಎಂದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲಬಹುದು. ಜೈನ ದಿಗಂಬರರು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ 3ಬಿಗೆ ಸೇರಿದ್ದಾರೆ. 2014ರ ಜನವರಿಯಿಂದ ಇಡೀ ಜೈನ ಸಮುದಾಯ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸಮುದಾಯವೂ ಹೌದು. ಹೀಗೆ ಎರಡು ಬಾಗಿಲು ಇವೆ. ಆದರೆ ಒಂದೇ ಉದ್ದೇಶಕ್ಕೆ ಎರಡೂ ಕಡೆಯ ನೆರವು ಸಿಗುವುದಿಲ್ಲ. ಯಾವುದಕ್ಕೆ ಯಾವ ಬಾಗಿಲು ಎಂದು ತಿಳಿಯದೆ ಕೊನೆಯ ದಿನಾಂಕ ದಾಟಿದರೆ ಆ ವರ್ಷ ಹೋಯಿತು.

ಎರಡನೆಯದು ಭಾಷೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ವಿದ್ಯಾರ್ಥಿಗೆ ವಿಜ್ಞಾನ, ವಾಣಿಜ್ಯದ ಪಾಠ ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ವಿಷಯ ಗೊತ್ತಿದ್ದರೂ ಬರೆಯಲು ಬಾರದು. ಮೊದಲ ಕಿರುಪರೀಕ್ಷೆಯಲ್ಲಿ ಅಂಕ ಬಿದ್ದಾಗ ‘ಇದು ನನ್ನ ಕೈಲಾಗದು’ ಎಂಬ ಭಾವನೆ ಬೇರೂರುತ್ತದೆ. ಅದು ಭಾಷೆಯ ತೊಡಕು, ಬುದ್ಧಿಯ ಕೊರತೆಯಲ್ಲ ಎಂದು ಆ ಹೊತ್ತಿನಲ್ಲಿ ಹೇಳುವ ಒಬ್ಬರು ಬೇಕು.

ಮೂರನೆಯದು ಒಂಟಿತನ. ಬಾಗೇವಾಡಿಯಿಂದ ವಿಜಯಪುರ ನಲವತ್ತು ಕಿಲೋಮೀಟರಿನ ಆಚೀಚೆ. ಧಾರವಾಡ, ಬೆಂಗಳೂರು ಇನ್ನೂ ದೂರ. ಸೂರ್ಯಾಸ್ತದೊಳಗೆ ಊಟ ಮುಗಿಸುವ, ಗಡ್ಡೆ-ಗೆಣಸು ತಿನ್ನದ ಮನೆಯಿಂದ ಬಂದ ಮಗುವಿಗೆ ರಾತ್ರಿ ಎಂಟೂವರೆಗೆ ಊಟ ಬಡಿಸುವ ಹಾಸ್ಟೆಲ್ ಮೊದಲ ದಿನದಿಂದಲೇ ಪರೀಕ್ಷೆ. ನಿಯಮ ಪಾಲಿಸಿದರೆ ಹಸಿವು, ಬಿಟ್ಟರೆ ಮನಸ್ಸಿಗೆ ಅಳುಕು. ಮನೆಗೆ ಹೇಳಿದರೆ ‘ಬಂದುಬಿಡು’ ಎನ್ನುತ್ತಾರೆ ಎಂಬ ಭಯಕ್ಕೆ ಹೇಳುವುದೂ ಇಲ್ಲ.

ಈ ಮೂರೂ ಒಂದಕ್ಕೊಂದು ತಳಕು ಹಾಕಿಕೊಂಡಿವೆ. ಮೆಟ್ರಿಕ್ ನಂತರದ ಅಲ್ಪಸಂಖ್ಯಾತ ವಿದ್ಯಾರ್ಥಿವೇತನದ ಕೇಂದ್ರ ನಿಯಮಗಳಲ್ಲಿ ಹಿಂದಿನ ಪರೀಕ್ಷೆಯ ಶೇ. 50 ಅಂಕ ಒಂದು ಷರತ್ತು. ಭಾಷೆಯ ತೊಡಕಿನಿಂದ ಅಂಕ ಬಿದ್ದರೆ ಹಣವೂ ನಿಲ್ಲುತ್ತದೆ. ಹಣ ನಿಂತರೆ ಓದು ನಿಲ್ಲುತ್ತದೆ. ಹೊರಗಿನವರಿಗೆ ಕೊನೆಯ ಕೊಂಡಿ ಮಾತ್ರ ಕಾಣುತ್ತದೆ.

ಸ್ಥಿತಿಕರಣ ಎಂಬ ಹಳೆಯ ಮಾತು

ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಪಾಠಶಾಲೆಯಲ್ಲಿ ಕಲಿತವರಿಗೆ ಸ್ಥಿತಿಕರಣ ಎಂಬ ಹೆಸರು ಗೊತ್ತಿರುತ್ತದೆ. ದಾರಿಯಿಂದ ಜಾರುತ್ತಿರುವವರನ್ನು ಮತ್ತೆ ದಾರಿಯಲ್ಲಿ ನಿಲ್ಲಿಸುವುದೇ ಸ್ಥಿತಿಕರಣ. ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿ ಒಂದೊಂದು ಅಂಗಕ್ಕೂ ಒಬ್ಬೊಬ್ಬರ ಹೆಸರು ಉದಾಹರಣೆಯಾಗಿ ಬರುತ್ತದೆ. ಸ್ಥಿತಿಕರಣಕ್ಕೆ ವಾರಿಷೇಣ ಮುನಿಯ ಹೆಸರಿದೆ. ಮನಸ್ಸು ಚಂಚಲವಾಗಿದ್ದ ಸಂಗಾತಿಯನ್ನು ಆತ ಬಯ್ದು ಬಿಡಲಿಲ್ಲ, ಜೊತೆಗಿದ್ದು ಸ್ಥಿರಗೊಳಿಸಿದ. ಶಾಸ್ತ್ರದಲ್ಲಿ ಇದು ಧರ್ಮಮಾರ್ಗದ ವಿಚಾರ. ಆದರೂ ಜಾರುವವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬ ತಿಳಿವಳಿಕೆ ಓದಿನ ದಾರಿಗೂ ಒಪ್ಪುತ್ತದೆ.

ಅದೇ ಎಂಟರಲ್ಲಿ ಪ್ರಭಾವನೆಯೂ ಇದೆ, ಉಪಗೂಹನವೂ ಇದೆ. ಸಾಧಕರನ್ನು ವೇದಿಕೆಗೆ ಕರೆದು ಸನ್ಮಾನಿಸುವುದು ಪ್ರಭಾವನೆಗೆ ಹತ್ತಿರ. ಎಡವಿದವರ ದೋಷವನ್ನು ಬೀದಿಗೆ ತರದಿರುವುದು ಉಪಗೂಹನ. ‘ಅವರ ಮಗ ಫೇಲಂತೆ’ ಎಂಬ ಮಾತು ಬಸದಿಯ ಕಟ್ಟೆಯ ಮೇಲೆ ಓಡಾಡಿದರೆ ಆ ಹುಡುಗ ಮುಂದೆ ಯಾರ ಬಳಿಯೂ ಸಹಾಯ ಕೇಳುವುದಿಲ್ಲ. ಸಮಾಜದಲ್ಲಿ ಪ್ರಭಾವನೆ ಚೆನ್ನಾಗಿಯೇ ನಡೆಯುತ್ತಿದೆ. ಉಳಿದೆರಡಕ್ಕೆ ವ್ಯವಸ್ಥೆ ಬೇಕಾಗಿದೆ.

ಬೋರ್ಡಿಂಗ್‌ಗಳು ಕಲಿಸಿದ ಪಾಠ

ಇಂಥ ವ್ಯವಸ್ಥೆಯನ್ನು ಕಟ್ಟಿದ ಅನುಭವ ಈ ಭಾಗದ ಜೈನರಿಗೆ ಹೊಸದಲ್ಲ. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಮತ್ತು ಅದರ ಮುಂದಾಳು ಅಣ್ಣಾಸಾಹೇಬ ಲಠ್ಠೆ ಅವರ ಕಾಲದಲ್ಲಿ ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಂಥ ಊರುಗಳಲ್ಲಿ ಜೈನ ಬೋರ್ಡಿಂಗ್‌ಗಳ ಪರಂಪರೆ ಬೆಳೆಯಿತು. ಹಳ್ಳಿಯ ಒಕ್ಕಲು ಮಕ್ಕಳು ಅಲ್ಲಿ ಉಳಿದು ಶಾಲೆ-ಕಾಲೇಜಿಗೆ ಹೋದರು. ಬೋರ್ಡಿಂಗ್ ಎಂದರೆ ಬರೀ ಕೋಣೆಯಲ್ಲ. ಹೊತ್ತಿಗೆ ಊಟ, ಓದಿನ ವೇಳೆ, ವಿಚಾರಿಸುವ ಮೇಲ್ವಿಚಾರಕರು, ಮುಂದಿನ ತರಗತಿಯಲ್ಲಿ ಓದುವ ಅಣ್ಣಂದಿರು ಎಲ್ಲ ಒಂದೇ ಸೂರಿನಡಿ ಇದ್ದರು. ಮಾರ್ಗದರ್ಶನ ಎಂಬ ಪದ ಬಳಸದೆಯೇ ಅದು ಅಲ್ಲಿ ದಿನನಿತ್ಯ ನಡೆಯುತ್ತಿತ್ತು.

ಅದೇ ಕಾಲದಲ್ಲಿ ವಿಜಯಪುರದಲ್ಲಿ ಡಾ. ಫ.ಗು. ಹಳಕಟ್ಟಿ ಅವರು 1910ರಲ್ಲಿ ಬಿಎಲ್‌ಡಿಇ ಸಂಸ್ಥೆ ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಶಿಕ್ಷಕರು ಕೆಎಲ್‌ಇ ಸಂಸ್ಥೆ ಆರಂಭಿಸಿದರು. ಕರಾವಳಿಯಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಉಜಿರೆಯ ಸಿದ್ಧವನ ಗುರುಕುಲ ತೆರೆದರು. ಮುಂಬಯಿ ಕರ್ನಾಟಕದ ಹಳ್ಳಿಗಳ ಮಕ್ಕಳು ಪದವಿ ಪಡೆದದ್ದರ ಹಿಂದೆ ಹೀಗೆ ಸಮುದಾಯಗಳ ಸ್ವಂತ ಪ್ರಯತ್ನ ದೊಡ್ಡದು.

ಬೋರ್ಡಿಂಗ್‌ಗಳ ಚರಿತ್ರೆಯಲ್ಲಿ ಇನ್ನೊಂದು ಪಾಠವೂ ಇದೆ. ಕರ್ಮವೀರ ಭಾವುರಾವ ಪಾಟೀಲರು 1887ರಲ್ಲಿ ಕುಂಭೋಜದ ಜೈನ ಕುಟುಂಬದಲ್ಲಿ ಹುಟ್ಟಿದವರು. ಅವರ ಪೂರ್ವಿಕರು ಮೂಡುಬಿದಿರೆಯ ಕಡೆಯಿಂದ ವಲಸೆ ಹೋದವರು. ಕೊಲ್ಹಾಪುರದಲ್ಲಿ ಓದುವಾಗ ಅವರು ಜೈನ ಬೋರ್ಡಿಂಗ್‌ನಲ್ಲಿದ್ದರು. ಅಸ್ಪೃಶ್ಯರೆನಿಸಿದ್ದ ಮಕ್ಕಳಿಗಾಗಿ ತೆರೆದ ಮಿಸ್ ಕ್ಲಾರ್ಕ್ ವಸತಿ ನಿಲಯದ ಸಮಾರಂಭಕ್ಕೆ ಹೋಗಿ ಬಂದ ಅವರು, ಶುದ್ಧಿಗಾಗಿ ಸ್ನಾನ ಮಾಡಲು ಒಪ್ಪಲಿಲ್ಲ. ಅದರಿಂದ ಬೋರ್ಡಿಂಗ್ ಬಿಡಬೇಕಾಯಿತು. ಆಗ ಅವರಿಗೆ ಆಸರೆಯಾದವರು ಛತ್ರಪತಿ ಶಾಹು ಮಹಾರಾಜರು.

ಭಾವುರಾವರು ಪರೀಕ್ಷೆಗಳಲ್ಲಿ ಹೆಸರು ಮಾಡಿದವರಲ್ಲ, ಕಾಲೇಜು ಪದವಿ ಪಡೆದವರೂ ಅಲ್ಲ. ಆದರೆ 1919ರಲ್ಲಿ ಕರಾಡ ಸಮೀಪದ ಕಾಲೆ ಗ್ರಾಮದಲ್ಲಿ ರಯತ ಶಿಕ್ಷಣ ಸಂಸ್ಥೆ ಆರಂಭಿಸಿದರು. 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿ-ಧರ್ಮಗಳ ಮಕ್ಕಳು ಒಟ್ಟಿಗೆ ಉಂಡು, ಒಟ್ಟಿಗೆ ದುಡಿದು ಓದುವ ವಸತಿ ನಿಲಯ ತೆರೆದರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಭೇಟಿ ಕೊಟ್ಟರು. ‘ದುಡಿದು ಕಲಿ’ ಎಂಬ ಅವರ ಪದ್ಧತಿಯಿಂದ ಓದಿದವರ ಸಂಖ್ಯೆ ದೊಡ್ಡದು. 1959ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಅಂಕದ ಪಟ್ಟಿಯಿಂದಷ್ಟೇ ಆರಿಸುವ ವ್ಯವಸ್ಥೆಗೆ ಇಂಥ ಹುಡುಗ ಕಾಣುವುದಿಲ್ಲ. ಸ್ವಂತ ಸಮಾಜದ ಮಕ್ಕಳಿಗೆ ಕಟ್ಟಿದ ಆಸರೆಯೂ ಪಕ್ಕದ ಮಗುವಿಗೆ ಬಾಗಿಲು ಮುಚ್ಚಿದರೆ ಅಪೂರ್ಣ ಎಂಬುದನ್ನೂ ಅವರ ಬದುಕು ತೋರಿಸುತ್ತದೆ.

ಬೋರ್ಡಿಂಗ್‌ಗಳಲ್ಲಿ ನಡೆದದ್ದೇ ಮುಂದೆ ಅಮೆರಿಕದಲ್ಲಿ ಅಂಕಿ-ಅಂಶದ ಪರೀಕ್ಷೆಗೂ ಒಳಗಾಯಿತು. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ 2007ರಲ್ಲಿ ‘ಎಸ್ಯಾಪ್’ ಎಂಬ ಕಾರ್ಯಕ್ರಮ ಆರಂಭಿಸಿತು. ಕಡಿಮೆ ಆದಾಯದ, ಭಾಷೆ-ಗಣಿತದಲ್ಲಿ ಹಿಂದಿದ್ದ ವಿದ್ಯಾರ್ಥಿಗಳಿಗೆ ಶುಲ್ಕದ ಬಾಕಿ, ಪುಸ್ತಕ, ನಗರ ಸಾರಿಗೆಯ ಪಾಸು ಕೊಟ್ಟರು. ಜೊತೆಗೆ ಒಬ್ಬೊಬ್ಬರಿಗೂ ಹೆಸರು ಹೇಳಿ ಒಬ್ಬ ಸಲಹೆಗಾರರನ್ನು ಗೊತ್ತುಮಾಡಿದರು. ಸಲಹೆಗಾರರನ್ನು ಕಂಡು ಬಂದರೆ ಆ ತಿಂಗಳ ಪಾಸು ಸಿಗುತ್ತಿತ್ತು. ಸಾಮಾನ್ಯ ವಿದ್ಯಾರ್ಥಿಗಳ ಪಾಲಿಗೆ ಒಬ್ಬ ಸಲಹೆಗಾರರಿಗೆ 600ಕ್ಕೂ ಹೆಚ್ಚು ಮಂದಿ ಇದ್ದರೆ, ಇಲ್ಲಿ 60ರಿಂದ 80 ಮಂದಿ. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಹೋಲಿಸಿದಾಗ, ಮೂರು ವರ್ಷದೊಳಗೆ ಓದು ಮುಗಿಸಿದವರು ಸಾಮಾನ್ಯ ಗುಂಪಿನಲ್ಲಿ ಶೇ. 22, ನೆರವು ಪಡೆದ ಗುಂಪಿನಲ್ಲಿ ಶೇ. 40. ಓಹಾಯೋ ರಾಜ್ಯದ ಕಾಲೇಜುಗಳಲ್ಲಿ ಇದೇ ಮಾದರಿ ಅನುಸರಿಸಿದಾಗಲೂ ಪದವಿ ಮುಗಿಸಿದವರ ಪ್ರಮಾಣ ಬಹುತೇಕ ಇಮ್ಮಡಿಯಾಯಿತು. ಹಣ ಮತ್ತು ವಿಚಾರಿಸುವ ವ್ಯಕ್ತಿ ಜೊತೆಜೊತೆಯಾಗಿ ಸಿಕ್ಕಾಗ ಬಂದ ಫಲ ಇದು.

ಮಾರ್ಗದರ್ಶಕರು ಯಾರು, ಮಾಡುವುದೇನು

ಮಾರ್ಗದರ್ಶಕರು ದೊಡ್ಡ ಅಧಿಕಾರಿಯೋ ಉದ್ಯಮಿಯೋ ಆಗಿರಬೇಕಿಲ್ಲ. ಅದೇ ಕಾಲೇಜಿನಿಂದ ಎರಡು-ಮೂರು ವರ್ಷಗಳ ಹಿಂದೆ ಹೊರಬಂದ ಅಣ್ಣ ಅಥವಾ ಅಕ್ಕ, ನಿವೃತ್ತ ಶಿಕ್ಷಕರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಗೃಹಿಣಿ ಯಾರಾದರೂ ಆಗಬಹುದು. ಒಬ್ಬರಿಗೆ ಮೂರರಿಂದ ಐದು ವಿದ್ಯಾರ್ಥಿಗಳು ಸಾಕು. ಹದಿನೈದು ದಿನಕ್ಕೊಮ್ಮೆ ಫೋನ್, ಸೆಮಿಸ್ಟರ್‌ಗೆ ಎರಡು ಬಾರಿ ಭೇಟಿ.

ಕೇಳಬೇಕಾದ ಪ್ರಶ್ನೆಗಳು ಸಣ್ಣವು. ಹಾಜರಾತಿ ಎಷ್ಟಿದೆ? ಕಿರುಪರೀಕ್ಷೆಯಲ್ಲಿ ಎಷ್ಟು ಬಂತು? ಯಾವ ಪಾಠ ತಲೆಗೆ ಹತ್ತುತ್ತಿಲ್ಲ? ಎಸ್‌ಎಸ್‌ಪಿ ಅರ್ಜಿಯ ಸ್ಥಿತಿ ಏನು? ಊಟ ಸರಿ ಆಗುತ್ತಿದೆಯೇ? ‘ಚೆನ್ನಾಗಿ ಓದು ತಮ್ಮಾ’ ಎಂಬ ಉಪದೇಶಕ್ಕಿಂತ ಇಂಥ ಒಂದು ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಉತ್ತರ ತಿಳಿದ ಮೇಲೆ ಕೆಲಸವೂ ಸ್ಪಷ್ಟವಾಗುತ್ತದೆ: ಹೆಸರಿನ ತಿದ್ದುಪಡಿಗೆ ಯಾವ ಕಚೇರಿಗೆ ಹೋಗಬೇಕೆಂದು ತಿಳಿಸುವುದು, ಇಂಗ್ಲಿಷ್ ಪಾರಿಭಾಷಿಕ ಪದಗಳಿಗೆ ಕನ್ನಡ ಅರ್ಥ ಬರೆದ ಟಿಪ್ಪಣಿ ಒದಗಿಸುವುದು, ಮರುಮೌಲ್ಯಮಾಪನದ ಕೊನೆಯ ದಿನ ನೆನಪಿಸುವುದು.

ಕಾಲೇಜಿನೊಳಗೂ ಈ ವ್ಯವಸ್ಥೆಯ ಒಂದು ತುದಿ ಇರುತ್ತದೆ. ನ್ಯಾಕ್ ಮಾನ್ಯತೆಗೆ ಕಾಲೇಜುಗಳು ಮಾರ್ಗದರ್ಶಕ-ವಿದ್ಯಾರ್ಥಿ ಅನುಪಾತದ ವಿವರ ಕೊಡಬೇಕಾಗುತ್ತದೆ. ಹಾಗಾಗಿ ವಿದ್ಯಾರ್ಥಿಯ ಹೆಸರು ಯಾರಾದರೊಬ್ಬ ಉಪನ್ಯಾಸಕರ ಪಟ್ಟಿಯಲ್ಲಿ ಇರುವ ಸಾಧ್ಯತೆ ಹೆಚ್ಚು. ಅವರು ಯಾರೆಂದು ಮೊದಲ ತಿಂಗಳಲ್ಲೇ ಕೇಳಿ ತಿಳಿದು, ಹೋಗಿ ಪರಿಚಯ ಮಾಡಿಕೊಳ್ಳುವಂತೆ ಹೇಳಬೇಕು. ವಿಜಯಪುರ ಜಿಲ್ಲೆಯ ಪದವಿ ಕಾಲೇಜುಗಳು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಮಹಿಳಾ ಕಾಲೇಜುಗಳು ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಸೇರಿವೆ. ಪರೀಕ್ಷೆಯ ವೇಳಾಪಟ್ಟಿ, ಸುತ್ತೋಲೆ ಎರಡರಲ್ಲೂ ಬೇರೆ ಬೇರೆ. ಅಣ್ಣನಿಗೆ ಬಂದ ದಿನಾಂಕ ತಂಗಿಗೆ ಅನ್ವಯಿಸದೇ ಇರಬಹುದು.

ಕೆಲವು ಎಚ್ಚರಗಳೂ ಬೇಕು. ವಿದ್ಯಾರ್ಥಿನಿಯರಿಗೆ ಮಹಿಳೆಯರೇ ಮಾರ್ಗದರ್ಶಕರಾದರೆ ಉತ್ತಮ; ಭೇಟಿ ಮನೆಯವರಿಗೆ ತಿಳಿದಿರಬೇಕು, ಬಸದಿ, ಗ್ರಂಥಾಲಯದಂಥ ತೆರೆದ ಜಾಗದಲ್ಲಿ ನಡೆಯಬೇಕು. ವಿದ್ಯಾರ್ಥಿ ಹೇಳಿಕೊಂಡ ಮಾತು ಸಂಬಂಧಿಕರ ಕಿವಿಗೆ ಬೀಳಬಾರದು. ಸಹಾಯ ಪಡೆದವರು ಸಂಘದ ಕಾರ್ಯಕ್ರಮಕ್ಕೆ ಬಂದು ಕೈಮುಗಿದು ನಿಲ್ಲಬೇಕೆಂಬ ನಿರೀಕ್ಷೆ ಇರಬಾರದು, ಚೆಕ್ ಕೊಡುವ ಫೋಟೊ ಕಡ್ಡಾಯವಾಗಬಾರದು. ಮನಸ್ಸು ತೀರಾ ಕುಗ್ಗಿದ ಲಕ್ಷಣ ಕಂಡರೆ ಸ್ವಂತ ಉಪದೇಶಕ್ಕೆ ನಿಲ್ಲದೆ ವೈದ್ಯರನ್ನು ಕಾಣಿಸಬೇಕು. ‘ಟೆಲಿ ಮಾನಸ್’ ಸಹಾಯವಾಣಿ 14416 ಉಚಿತ.

ಹಣವನ್ನು ಹೇಗೆ ಹಂಚಬೇಕು

ವರ್ಷಕ್ಕೊಮ್ಮೆ ಎಲ್ಲರಿಗೂ ಒಂದೇ ಮೊತ್ತ ಕೊಡುವ ಬದಲು ಮೂರು ಭಾಗ ಮಾಡಬಹುದು. ಒಂದು ಭಾಗ ಈಗಿನಂತೆ ಪ್ರತಿಭಾ ಪುರಸ್ಕಾರಕ್ಕೆ. ಇನ್ನೊಂದು ಭಾಗ ಅಂಕ ನೋಡದೆ, ಮನೆಯ ಸ್ಥಿತಿ, ದೂರ, ಮನೆಯಲ್ಲಿ ಪದವೀಧರರಿದ್ದಾರೆಯೇ ಎಂಬುದನ್ನು ನೋಡಿ ಕೊಡುವ ಮಾಸಿಕ ನೆರವಿಗೆ. ಮೂರನೆಯದು ತುರ್ತು ನಿಧಿ. ಪರೀಕ್ಷಾ ಶುಲ್ಕಕ್ಕೆ 1,500 ರೂಪಾಯಿ ಕಡಿಮೆ ಬಿದ್ದು, ವಿದ್ಯಾರ್ಥಿವೇತನ ಇನ್ನೂ ಜಮೆಯಾಗದೆ, ತೊಗರಿಯ ದುಡ್ಡೂ ಕೈಗೆ ಬಾರದ ಡಿಸೆಂಬರ್ ತಿಂಗಳಲ್ಲಿ ಅಂಥ ಸಣ್ಣ ಮೊತ್ತ ಒಂದು ವರ್ಷವನ್ನೇ ಉಳಿಸುತ್ತದೆ. ಅದಕ್ಕೆ ಅರ್ಜಿ, ಸಭೆ, ಠರಾವು ಬೇಡ. ಮಾರ್ಗದರ್ಶಕರ ಒಂದು ಮಾತಿನ ಮೇಲೆ ಎರಡು ದಿನದಲ್ಲಿ ಸಿಗಬೇಕು.

ಸಮಾಜದ ಹಣ ಸರ್ಕಾರದ ಹಣಕ್ಕೆ ಬದಲಿಯಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ‘ವಿದ್ಯಾಸಿರಿ’ ಯೋಜನೆಯಡಿ ಹತ್ತು ತಿಂಗಳ ಊಟ-ವಸತಿ ನೆರವು ಇದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆಯಲ್ಲಿ ವೃತ್ತಿಪರ ಕೋರ್ಸ್‌ಗಳಿಗೆ ಅತಿ ಕಡಿಮೆ ಬಡ್ಡಿಯ ಸಾಲ ಸಿಗುತ್ತದೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿ ನಿಲಯಗಳೂ ಇವೆ. ಸಿಇಟಿಯಲ್ಲಿ 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಅರ್ಜಿ ತುಂಬುವಾಗಲೇ ಇವನ್ನು ಕೋರಬೇಕು, ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಸಹಿ ಬೇಕು. ಬಾಗೇವಾಡಿಯ ಹಳ್ಳಿಯ ಮಗುವಿಗೆ ಇವೆರಡೂ ದೊಡ್ಡ ಆಸರೆ.

ಯೋಜನೆಗಳು ಬದಲಾಗುತ್ತಲೂ ಇರುತ್ತವೆ. 2022-23ರಿಂದ 1ರಿಂದ 8ನೇ ತರಗತಿಯ ಕೇಂದ್ರ ಅಲ್ಪಸಂಖ್ಯಾತ ವಿದ್ಯಾರ್ಥಿವೇತನ ನಿಂತಿತು. ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಜಾದ್ ಫೆಲೋಶಿಪ್ ಕೂಡ ಹೊಸಬರಿಗೆ ನಿಂತಿತು. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು ರಾಜ್ಯ 2024ರಲ್ಲಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಹಿಂದಿನ ವರ್ಷ ಕೇಳಿದ ಮಾಹಿತಿ ಈ ವರ್ಷಕ್ಕೆ ಸಾಲದು. ಪ್ರತಿ ತಾಲೂಕಿನಲ್ಲಿ ಒಬ್ಬರಾದರೂ ಇದನ್ನು ವರ್ಷವಿಡೀ ಗಮನಿಸುತ್ತಿರಬೇಕು.

ವರ್ಷದ ಕ್ಯಾಲೆಂಡರ್

ಸಮಾಜದ ಹಬ್ಬ-ಪರ್ವಗಳ ಲೆಕ್ಕದಲ್ಲೇ ಈ ಕೆಲಸವನ್ನು ಜೋಡಿಸಿಕೊಂಡರೆ ಬೇರೆ ಸಭೆ ಬೇಕಿಲ್ಲ.

ಮಹಾವೀರ ಜಯಂತಿಯ ಹೊತ್ತಿಗೆ, ಅಂದರೆ ಮಾರ್ಚ್-ಏಪ್ರಿಲ್‌ನಲ್ಲಿ, ಪಿಯುಸಿ ಬರೆದವರ ಪಟ್ಟಿ ಮಾಡುವುದು. ಜಾತಿ-ಆದಾಯ ಪ್ರಮಾಣಪತ್ರ, ಆಧಾರ್, ಅಂಕಪಟ್ಟಿಯಲ್ಲಿ ಹೆಸರು ಹೊಂದುತ್ತದೆಯೇ, ಜಾತಿ ಕಾಲಂನಲ್ಲಿ ‘ಜೈನ ದಿಗಂಬರ’ ಎಂದು ಸರಿಯಾಗಿದೆಯೇ ಎಂದು ನೋಡುವುದು.

ಪ್ರವೇಶದ ತಿಂಗಳುಗಳಾದ ಜೂನ್-ಜುಲೈನಲ್ಲಿ ಕೋರ್ಸ್ ಆಯ್ಕೆ, ಹಾಸ್ಟೆಲ್ ಅರ್ಜಿ. ಸಂಜೆಯೊಳಗೆ ಊಟ ಬೇಕಾದ ಮಕ್ಕಳ ಬಗ್ಗೆ ವಾರ್ಡನ್ ಜೊತೆ ಮೊದಲೇ ಮಾತಾಡುವುದು, ಇಲ್ಲವೇ ಊರಿನ ಜೈನ ಮನೆಗಳಲ್ಲಿ ಡಬ್ಬಿಯ ಏರ್ಪಾಡು ಮಾಡುವುದು. ಮಾರ್ಗದರ್ಶಕರ ಪರಿಚಯವೂ ಆಗಲೇ ಆಗಬೇಕು.

ಚಾತುರ್ಮಾಸದಲ್ಲಿ ಎಲ್ಲರೂ ಬಸದಿಗೆ ಬರುವುದರಿಂದ ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನವೊಂದನ್ನು ಇಟ್ಟುಕೊಳ್ಳಬಹುದು. ದಶಲಕ್ಷಣ ಪರ್ವಕ್ಕೆ ಊರಿಗೆ ಬಂದ ವಿದ್ಯಾರ್ಥಿಗಳನ್ನು ಮಾರ್ಗದರ್ಶಕರು ಮುಖಾಮುಖಿ ಕಾಣಬಹುದು. ಕಾಲೇಜು ಸೇರಿ ಆಗಷ್ಟೇ ಕೆಲವು ವಾರಗಳಾಗಿರುತ್ತವೆ. ಯಾರು ತಡವರಿಸುತ್ತಿದ್ದಾರೆ ಎಂಬುದು ಆಗ ತಿಳಿಯುತ್ತದೆ.

ದೀಪಾವಳಿಯ ನಂತರ ಸೆಮಿಸ್ಟರ್ ಪರೀಕ್ಷೆಯ ಸಿದ್ಧತೆ. ಫಲಿತಾಂಶ ಬಂದ ವಾರದಲ್ಲಿ, ಪಾಸಾದವರಿಗಿಂತ ಮೊದಲು, ವಿಷಯ ಉಳಿಸಿಕೊಂಡವರಿಗೆ ಫೋನ್ ಹೋಗಬೇಕು. ವರ್ಷದ ಎಲ್ಲ ಕೆಲಸದಲ್ಲಿ ಇದೇ ಮುಖ್ಯವಾದದ್ದು. ಉಳಿದ ಪತ್ರಿಕೆಯನ್ನು ಮತ್ತೆ ಬರೆಯಲು ಅವಕಾಶವಿದೆ ಎಂಬುದು ಓದಿದ ಮನೆಗಳಿಗೆ ಗೊತ್ತು. ಮೊದಲ ಸಲ ಕಾಲೇಜು ಕಂಡ ಮನೆಯಲ್ಲಿ ‘ಫೇಲ್’ ಎಂದರೆ ಎಲ್ಲ ಮುಗಿದಂತೆ. ಮದುವೆಯ ಮಾತು ಶುರುವಾಗುವುದೂ, ಹುಡುಗ ಅಂಗಡಿಗೋ ಹೊಲಕ್ಕೋ ಖಾಯಂ ಆಗುವುದೂ ಈ ದಿನಗಳಲ್ಲೇ. ತಂದೆ-ತಾಯಿಯ ಜೊತೆ ಕೂತು ಮಾತಾಡಲು ಅದೇ ಸರಿಯಾದ ಸಮಯ.

ರನ್ನನ ಊರಿನವರಿಗೆ ಗೊತ್ತಿರುವ ಸಂಗತಿ

ಹಿಂದೆ ವಿಜಯಪುರ ಜಿಲ್ಲೆಯಲ್ಲಿದ್ದು, 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ ಸೇರಿದ ಮುಧೋಳದಲ್ಲಿ 949ರಲ್ಲಿ ರನ್ನ ಹುಟ್ಟಿದ. ಬಳೆ ಮಾರುವ ಮನೆತನ, ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಆ ಮನೆಯ ಹುಡುಗ ಕವಿಚಕ್ರವರ್ತಿ ಆದದ್ದು ಪ್ರತಿಭೆಯಿಂದ ಮಾತ್ರವಲ್ಲ. ವಿದ್ಯೆಗೆ ಅಜಿತಸೇನಾಚಾರ್ಯರಿದ್ದರು, ಆಸರೆಗೆ ಚಾವುಂಡರಾಯನಿದ್ದ, ಮುಂದೆ ಅಜಿತಪುರಾಣ ಬರೆಸಿದ ದಾನಚಿಂತಾಮಣಿ ಅತ್ತಿಮಬ್ಬೆ ಇದ್ದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದವಳೂ ಅವಳೇ. ಕಲಿಸುವವರು, ಖರ್ಚು ನೋಡಿಕೊಳ್ಳುವವರು, ಕೈಗೆ ಪುಸ್ತಕ ತಲುಪಿಸುವವರು ಮೂವರೂ ಒಟ್ಟಿಗೆ ಸಿಕ್ಕಿದ್ದರಿಂದ ಬಳೆಗಾರರ ಮಗನ ಓದು ದಡ ಸೇರಿತು.

ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಒಂದೆಂದು ಎಣಿಸುವ ಸಮಾಜಕ್ಕೆ ಇದು ಹೊಸ ಹೊರೆಯಲ್ಲ. ಒಂದು ತಾಲೂಕಿನ ಸಂಘ ಈ ವರ್ಷ ಮಾಡಬಹುದಾದ ಮೊದಲ ಕೆಲಸ ಹೀಗಿದೆ: ಕಳೆದ ಎರಡು ವರ್ಷಗಳಲ್ಲಿ ತಾಲೂಕಿನಿಂದ ಕಾಲೇಜು ಸೇರಿದ ಎಲ್ಲ ಜೈನ ವಿದ್ಯಾರ್ಥಿಗಳ ಹೆಸರು ಬರೆಯುವುದು. ಅವರಲ್ಲಿ ಈಗ ಓದುತ್ತಿರುವವರು ಯಾರು, ಬಿಟ್ಟವರು ಯಾರು ಎಂದು ಗುರುತು ಹಾಕುವುದು. ಬಿಟ್ಟವರ ಮನೆಗೆ ಇಬ್ಬರು ಹೋಗಿ, ಯಾಕೆ ಬಿಟ್ಟೆ ಎಂದು ಗದರದೆ, ಮತ್ತೆ ಸೇರಲು ಏನು ಬೇಕು ಎಂದು ಕೇಳುವುದು. ಪಟ್ಟಿಗೆ ಒಂದು ನೋಟ್‌ಬುಕ್ಕು, ಭೇಟಿಗೆ ಕೆಲವು ಭಾನುವಾರಗಳು ಸಾಕು. ಸನ್ಮಾನ ಸಮಾರಂಭದ ದಿನಾಂಕ ಗೊತ್ತುಮಾಡುವ ಮೊದಲೇ ಇದನ್ನು ಶುರುಮಾಡಬಹುದು.